ಯಾವ ಬೆರಳು ಅಂತ ಕೇಳಿದ್ರು

ಕೊಡಗಿಗೆ ಜನ ಬರೋದೇ ನಿದ್ದೆ ಮಾಡೋಕೆ. ಬಾಯಲ್ಲಿ ಅಬ್ಬಿ ಫಾಲ್ಸು, ರಾಜಾಸೀಟು, ದುಬಾರೆ ಅಂತ ಲಿಸ್ಟು ಹೇಳ್ತಾರೆ, ಆದ್ರೆ ಭಾನುವಾರ ಬ್ಯಾಗ್ ಕಟ್ಕೊಂಡು ಹೊರಡುವಾಗ ಹೇಳೋ ಮಾತು ಒಂದೇ, "ಆಂಟಿ, ನಿಮ್ಮನೇಲಿ ಎಂಥಾ ನಿದ್ದೆ ಬಂತು ಗೊತ್ತಾ". ನಮ್ಮದು ವಿರಾಜಪೇಟೆ ಕಡೆ ಒಂದು ಸಣ್ಣ ಹೋಂಸ್ಟೇ, ಎರಡು ರೂಮು, ಸುತ್ತ ಕಾಫಿ, ಮೇಲೆ ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸು. ಅವರು ಹಾಗಂದಾಗ ನಾನು ನಕ್ಕು ಸುಮ್ನಾಗ್ತೀನಿ. ಅದೇ ರಾತ್ರಿ ಗೋಡೆ ಆಚೆ ನಾನು ಎರಡೂವರೆಗೆ ಎದ್ದು ಕೂತು, ಬಲಗಾಲು ಮಂಚದ ಮೇಲೇ ಇದೆಯಾ ಅಥವಾ ಕೆಳಗೆ ಇಳಿಬಿದ್ದಿದೆಯಾ ಅಂತ ಕೈಯಿಂದ ತಡವಿ ನೋಡ್ತಾ ಇದ್ದೆ ಅಂತ ಅವರಿಗೆ ಯಾಕೆ ಹೇಳಬೇಕು, ರಿವ್ಯೂ ಚೆನ್ನಾಗಿ ಬರೀಲಿ.

ನಂಗಿರೋದು ಮಲ್ಟಿಪಲ್ ಸ್ಕ್ಲೆರೋಸಿಸ್, ಎಂಎಸ್ ಅಂತಾರೆ. 2018ರ ಮಳೆಗಾಲ, ಮಡಿಕೇರಿ ಕಡೆ ಗುಡ್ಡ ಕುಸಿದ ವರ್ಷ, ಆಗ ಎಡಗಣ್ಣು ಮಂಜಾಯ್ತು, ಕೆಂಪು ಬಣ್ಣ ಮಾಸಲಾಗಿ ಕಾಣ್ತಿತ್ತು, ಕಣ್ಣು ಹೊರಳಿಸಿದ್ರೆ ನೋವು. ಊರೇ ಗಾಬರೀಲಿದ್ದಾಗ ನನ್ನ ಕಣ್ಣು ಯಾರ ಲೆಕ್ಕ ಅಂತ ನಾನೂ ಸುಮ್ನಿದ್ದೆ. ಆಮೇಲೆ ಸೊಂಟದಿಂದ ಕೆಳಗೆ ಬಲಗಡೆ ಮರಗಟ್ಟಿತು, ಮೈಸೂರಲ್ಲಿ ಎಂಆರ್‌ಐ ಆಯ್ತು, ತಲೆಯಲ್ಲೂ ಕತ್ತಿನ ಬೆನ್ನುಹುರಿಯಲ್ಲೂ ಬಿಳಿ ಬಿಳಿ ಮಚ್ಚೆ ಕಾಣಿಸಿದ್ವು. ಅದನ್ನ ತೋರಿಸಿ ಡಾಕ್ಟ್ರು ಹೆಸರು ಹೇಳಿದ್ರು. 1868ರಲ್ಲೇ ಪ್ಯಾರಿಸ್ಸಲ್ಲಿ ಶಾರ್ಕೋ ಅನ್ನೋ ವೈದ್ಯ ಇದನ್ನ ಬೇರೆಯದೇ ಒಂದು ರೋಗ ಅಂತ ಗುರುತಿಸಿ ಬರೆದಿಟ್ಟಿದ್ದಾನಂತೆ, ನಮ್ಮೂರಿಗೆ ಮಾತ್ರ ಇನ್ನೂ ಹೊಸ ಹೆಸರು. ಎಂಎಸ್ ಅಂದ್ರೆ ಹಾರ್ಟಿಂದಾ, ಕಿಡ್ನಿದಾ ಅಂತ ಕೇಳ್ತಾರೆ. ನಿಮ್ಹಾನ್ಸ್‌ಗೆ ಹೋಗಿ ಬಂದೆ ಅಂದ್ರಂತೂ ಎದುರಿಗಿದ್ದವರು ದನಿ ಇಳಿಸಿ ಮಾತಾಡೋಕೆ ಶುರು ಮಾಡ್ತಾರೆ, ಆ ಆಸ್ಪತ್ರೆ ಹೆಸರಲ್ಲೇ ನರ ಅನ್ನೋದೂ ಇದೆ ಅಂತ ಯಾರಿಗೂ ನೆನಪಿರಲ್ಲ.

ಒಳಗೆ ಆಗೋದು ಏನು ಅಂತ ನಮ್ಮ ಕಡೆಯವರಿಗೆ ನಾನು ಹೇಳೋದು ಕರೆಂಟ್ ಲೈನಿನ ಲೆಕ್ಕದಲ್ಲಿ. ಮಳೆಗಾಲದಲ್ಲಿ ತೋಟದೊಳಗೆ ಲೈನಿಗೆ ಕೊಂಬೆ ತಾಗಿ ತಾಗಿ ಮೇಲಿನ ಕವರು ಸವೆದು ಹೋದ್ರೆ ಪೂರ್ತಿ ಕತ್ತಲಾಗಲ್ಲ, ಲೈಟು ಮಿಣಕ್ ಮಿಣಕ್ ಅನ್ನುತ್ತೆ, ಒಂದೊಂದು ಸಲ ಉರಿಯುತ್ತೆ, ಒಂದೊಂದು ಸಲ ಎಲ್ಲೋ ಶಾಕ್ ಹೊಡೆಯುತ್ತೆ. ನರದ ಮೇಲಿನ ಕವರಿಗೆ ಮಯಲಿನ್ ಅಂತಾರೆ. ನಮ್ಮ ಮೈ ಕಾಯಬೇಕಾದ ರೋಗನಿರೋಧಕ ಕಣಗಳೇ ಅದನ್ನ ಕೆರೆದು ಹಾಕ್ತಾವೆ. ಕತ್ತು ಬಗ್ಗಿಸಿದ್ರೆ ಬೆನ್ನುದ್ದಕ್ಕೂ ಚುಳ್ ಅಂತ ಇಳಿಯುತ್ತಲ್ಲ, ಹಾಸಿಗೇಲಿ ಮಲಗಿ ಫೋನ್ ನೋಡೋಕೆ ತಲೆ ಎತ್ತಿದಾಗ ಆಗೋದು, ಅದೂ ಇದೇ ಲೆಕ್ಕ, ಕತ್ತಿನ ಹತ್ರದ ಬೆನ್ನುಹುರಿಯದ್ದು.

ಆದ್ರೆ ನಾನು ಇವತ್ತು ಬರೀಬೇಕು ಅಂತ ಕೂತಿದ್ದು ರೋಗದ ಕಥೆಗಲ್ಲ, ರಾತ್ರಿ ಬಗ್ಗೆ. ಹಗಲಿನ ಎಂಎಸ್ ಬಗ್ಗೆ ಎಲ್ಲರೂ ಕೇಳ್ತಾರೆ, ನಡೀತೀಯಾ, ಸುಸ್ತಾಗುತ್ತಾ, ಕಣ್ಣು ಹೇಗಿದೆ. ರಾತ್ರಿ ಬಗ್ಗೆ ಕೇಳಿದ್ರೂ 'ನಿದ್ದೆ ಬರುತ್ತಾ' ಅಂತ ಒಂದು ಮಾತು, ಅದಕ್ಕೆ 'ಇಲ್ಲ' ಅಂದ್ರೆ ಒಂದು ಮಾತ್ರೆ. ಮೊದಲಿಗೆ ತೋರಿಸ್ತಿದ್ದ ಕಡೆ ಹೀಗೇ ಸುಮಾರು ಕಾಲ ಹೋಯ್ತು. ಈಗ ನೋಡೋ ನ್ಯೂರಾಲಜಿಸ್ಟ್ ಮೇಡಂ ಒಬ್ಬರೇ ಪೆನ್ ಕೆಳಗಿಟ್ಟು, "ಮಲಗಿದಾಗಿಂದ ಎದ್ದೇಳೋವರೆಗೆ ಏನೇನಾಗುತ್ತೆ ಹೇಳಿ, ನಿಧಾನಕ್ಕೆ ಹೇಳಿ" ಅಂದಿದ್ದು. ನಾನು ಕೈ ಕಾಲು ಜೋಮು ಹಿಡಿಯುತ್ತೆ ಮೇಡಂ, ನಿದ್ದೇನೇ ಇಲ್ಲ ಅಂದೆ. "ಕೈ ಅಂದ್ರೆ ಯಾವ ಬೆರಳು?" ಅಂತ ಕೇಳಿದ್ರು.

ಯಾವ ಬೆರಳು! ಕೈ ಅಂದ್ರೆ ಕೈ. ಆದ್ರೆ ಆ ಪ್ರಶ್ನೆ ಮನೆಗೆ ಬಂದ ಮೇಲೂ ಬಿಡ್ಲಿಲ್ಲ. ಅವತ್ತೇ ರಾತ್ರಿ ಎಚ್ಚರ ಆದಾಗ ಅಡುಗೆಮನೆಗೆ ಹೋಗಿ ಡಬ್ಬಿಯಿಂದ ಒಂದು ಕಾಳುಮೆಣಸು ತಗೊಂಡು ಒಂದೊಂದೇ ಬೆರಳಲ್ಲಿ ಹೊರಳಿಸಿ ನೋಡಿದೆ. ಹೆಬ್ಬೆರಳು ತೋರುಬೆರಳ ನಡುವೆ ಏನೋ ಇದೆ ಅಂತ ಮಾತ್ರ ಗೊತ್ತಾಗ್ತಿತ್ತು, ಆ ಕಾಳಿನ ಸುಕ್ಕು ಸುಕ್ಕು ಮೈ ಇದೆಯಲ್ಲ ಅದು ಗೊತ್ತಾಗ್ತಿರ್ಲಿಲ್ಲ. ನಡುಬೆರಳೂ ಅಷ್ಟೇ. ಉಂಗುರದ ಬೆರಳಲ್ಲಿ ಒಂದು ಮಗ್ಗುಲು ದಡ್ಡು, ಇನ್ನೊಂದು ಮಗ್ಗುಲು ಸರಿ. ಕಿರುಬೆರಳಿಗೆ ಬಂದಾಗ ಸುಕ್ಕೆಲ್ಲ ಸ್ಪಷ್ಟವಾಗಿ ಸಿಕ್ತು, ತೊಟ್ಟಿನ ಚುಕ್ಕಿ ಕೂಡ. ಕೈ ಕೊಡವಿದೆ, ಎರಡು ಮೂರು ನಿಮಿಷಕ್ಕೆ ಜುಮ್ ಅನ್ನೋದು ಇಳೀತು.

ಮುಂದಿನ ಸಲ ಇದನ್ನ ಹೇಳಿದ್ದಕ್ಕೆ ಮೇಡಂ ನರದ ಕರೆಂಟ್ ಟೆಸ್ಟಿಗೆ ಬರೆದ್ರು. ಮಣಿಕಟ್ಟಲ್ಲಿ ಒಂದು ಸಣ್ಣ ಸುರಂಗ ಇದೆ, ಅದರೊಳಗೆ ಮೀಡಿಯನ್ ಅನ್ನೋ ನರ ಹಾದು ಬರುತ್ತೆ, ಹೆಬ್ಬೆರಳಿಂದ ಉಂಗುರಬೆರಳಿನ ಅರ್ಧದವರೆಗೆ ಅದರದೇ ಪಾಲು, ಕಿರುಬೆರಳು ಬೇರೆ ನರದ್ದು. ನಿದ್ದೇಲಿ ನಾವು ಮಣಿಕಟ್ಟು ಮಡಚಿ ಮಲಗ್ತೀವಿ, ಒಳಗೆ ಒತ್ತಡ ಏರುತ್ತೆ, ನರ ಮರಗಟ್ಟಿ ಎಬ್ಬಿಸುತ್ತೆ. ಕಾರ್ಪಲ್ ಟನಲ್ ಸಿಂಡ್ರೋಮ್. ಎಂಎಸ್‌ಗೂ ಇದಕ್ಕೂ ಸಂಬಂಧಾನೇ ಇಲ್ಲ, ದಿನಾ ಗೆಸ್ಟುಗಳಿಗೆ ಅಕ್ಕಿರೊಟ್ಟಿ ತಟ್ಟೋ ಕೈ, ಸೀಸನ್ನಲ್ಲಿ ಮೆಣಸು ಬಿಡಿಸೋ ಕೈ, ಅದಕ್ಕೆ ಯಾರಿಗೆ ಬೇಕಾದ್ರೂ ಬರಬಹುದು, ಹೆಂಗಸರಿಗೆ ಜಾಸ್ತಿ, ಥೈರಾಯ್ಡು ಶುಗರ್ ಇದ್ದವರಿಗೆ ಇನ್ನೂ ಜಾಸ್ತಿ. ಮೆಡಿಕಲ್ಲಲ್ಲಿ ಸಿಗೋ ಪಟ್ಟಿ, ಅಂಗೈ ಕೆಳಗೆ ಲೋಹದ ಪಟ್ಟಿ ಇಟ್ಟು ಹೊಲಿದಿರ್ತಾರಲ್ಲ ಅದು, ರಾತ್ರಿ ಕಟ್ಟಿ ಮಲಗೋಕೆ ಹೇಳಿದ್ರು. ಕೆಲವು ವಾರದಲ್ಲೇ ಕೈ ನನ್ನ ಎಬ್ಬಿಸೋದು ಬಿಡ್ತು. ಎಂಎಸ್ ಅಂತ ಒಂದು ದೊಡ್ಡ ಹೆಸರು ಬಂದ ಮೇಲೆ ಮೈಯಲ್ಲಿ ಆಗೋದೆಲ್ಲಾ ಅದರ ಖಾತೆಗೇ ಹೋಗ್ಬಿಡುತ್ತೆ, ನಾವು ಹಾಕ್ತೀವಿ, ಮನೆಯವರು ಹಾಕ್ತಾರೆ, ಎಷ್ಟೋ ಸಲ ಡಾಕ್ಟ್ರೂ ಹಾಕ್ತಾರೆ. ಇದು ನಂಗೆ ಸಿಟ್ಟು ತರಿಸೋ ವಿಷಯ.

ಕಾಲಿನ ಕಥೆ ಕೈಯಷ್ಟು ಸುಲಭ ಇರ್ಲಿಲ್ಲ. ಕಾಲಲ್ಲಿ ನಿಜವಾಗ್ಲೂ ಎಂಎಸ್ ಇದೆ. ಬಲಗಾಲು ಮೊಣಕಾಲಿಂದ ಕೆಳಗೆ ದಡ್ಡು, ಪಾದದಲ್ಲಿ ಉರಿ, ಹಗಲೂ ಇರುತ್ತೆ ರಾತ್ರೀನೂ ಇರುತ್ತೆ, ಆದ್ರೆ ರಾತ್ರಿ ಹತ್ತು ಪಾಲು ಅನ್ನಿಸುತ್ತೆ. ಯಾಕೆ ಅಂದ್ರೆ ಹಗಲು ನೂರು ಸುದ್ದಿ ಮೈಗೆ ಬರ್ತಾ ಇರುತ್ತೆ, ನೆಲ ತಾಗೋದು, ಒಲೆ ಬಿಸಿ, ಕೆಲಸದವರ ಮಾತು, ಮೆದುಳು ಅದರಲ್ಲೇ ಮುಳುಗಿರುತ್ತೆ, ದೀಪ ಆರಿಸಿ ಕಂಬಳಿ ಹೊದ್ದು ಸುಮ್ನೆ ಮಲಗಿದ ಮೇಲೆ ಅದಕ್ಕೆ ಕೇಳೋಕೆ ಉಳಿದಿರೋದು ಆ ಪಾದದ ಉರಿ ಒಂದೇ. ರೋಗ ರಾತ್ರಿ ಹೊತ್ತು ಬೆಳೆಯಲ್ಲ. ಇದನ್ನ ಯಾರಾದ್ರೂ ಮೊದಲನೇ ದಿನವೇ ಹೇಳಿದ್ದಿದ್ರೆ ಎಷ್ಟು ಹೆದರಿಕೆ ತಪ್ತಿತ್ತೋ.

ಇನ್ನೊಂದು ಕಾರಣ ನಮ್ಮ ಬಚ್ಚಲುಮನೇಲೇ ಇತ್ತು. ಈ ಚಳಿಗೆ, ಈ ಮಳೆಗೆ, ಸಂಜೆ ಹಂಡೆ ಕಾಯಿಸಿ ಮೈ ಕೆಂಪಾಗೋವರೆಗೆ ನೀರು ಹುಯ್ಕೊಳ್ಳೋದು ನಮ್ಮ ಕಡೆ ಸುಖದಲ್ಲಿ ಸುಖ, ಅತ್ತೆ ಅಂತೂ ಎಲ್ಲಾ ನೋವಿಗೂ ಅದೇ ಮದ್ದು ಅಂತಾರೆ. ಎಂಎಸ್ ಇದ್ದವರಿಗೆ ಮೈ ಶಾಖ ಅರ್ಧ ಡಿಗ್ರಿ ಏರಿದ್ರೂ ಸಾಕು, ಕವರು ಸವೆದ ನರ ಸುದ್ದಿ ಸಾಗಿಸೋದು ನಿಲ್ಲಿಸುತ್ತೆ, ಕಾಲು ಜೋಲುತ್ತೆ, ಕಣ್ಣು ಮಂಜಾಗುತ್ತೆ, ಜೋಮು ಜಾಸ್ತಿ ಆಗುತ್ತೆ. ಊಟಾಫ್ ಅನ್ನೋ ಜರ್ಮನ್ ಕಣ್ಣಿನ ವೈದ್ಯ 1890ರಲ್ಲಿ ಇದನ್ನ ಬರೆದಿಟ್ಟ, ಇವತ್ತಿಗೂ ಅವನ ಹೆಸರಲ್ಲೇ ಕರೀತಾರೆ. ಮೈ ತಣಿದ ಮೇಲೆ ಎಲ್ಲಾ ಮೊದಲಿನ ಸ್ಥಿತಿಗೇ ಬರುತ್ತೆ, ಹಾನಿ ಏನಿಲ್ಲ. ಆದ್ರೆ ರಾತ್ರಿ ಎಂಟೂವರೆಗೆ ಬಿಸಿನೀರು ಹುಯ್ಕೊಂಡು ಒಂಬತ್ತಕ್ಕೆ ಎರಡು ಕಂಬಳಿ ಹೊದ್ದು ಮಲಗಿದ್ರೆ ಕಾಲು ಕುಣಿಯದೇ ಏನ್ಮಾಡುತ್ತೆ. ಈಗ ನಾಲ್ಕು ಗಂಟೆಗೇ ಸ್ನಾನ, ಅದೂ ಉಗುರು ಬೆಚ್ಚಗೆ. ಅತ್ತೆಗೆ ಇದು ಇನ್ನೂ ಒಪ್ಪಿಗೆ ಆಗಿಲ್ಲ. "ಅದೆಂಥ ಸ್ನಾನ ಮಗಳೇ, ಕೋಳಿಗೆ ನೀರು ಚಿಮುಕಿಸಿದ್ಹಂಗೆ" ಅಂತಾರೆ.

ಬಿಸಿನೀರಿನ ಬ್ಯಾಗಿನ ವಿಷಯದಲ್ಲಿ ಮಾತ್ರ ನಾನು ಯಾರ ಮಾತೂ ಕೇಳಲ್ಲ. ದಡ್ಡು ಹಿಡಿದ ಪಾದಕ್ಕೆ ಸುಡೋದು ಗೊತ್ತಾಗಲ್ಲ, ಬೆಳಿಗ್ಗೆ ಬೊಬ್ಬೆ ನೋಡಿದ ಮೇಲೇ ಗೊತ್ತಾಗೋದು. ಶುಗರ್ ಇದ್ದವರಿಗೂ ಇದೇ ಅಪಾಯ. ಡಿಸೆಂಬರ್ ಚಳೀಲಿ ಉಲ್ಲನ್ ಸಾಕ್ಸ್ ಹಾಕೋದು, ಅಷ್ಟೇ. ಮಳೆಗಾಲದಲ್ಲಿ ಮಲಗೋ ಮುಂಚೆ ಬೆರಳ ಸಂದಿ ಎಲ್ಲಾ ಟಾರ್ಚ್ ಬಿಟ್ಟು ನೋಡೋದೂ ಅಭ್ಯಾಸ ಆಗಿದೆ. ಜಿಗಣೆ ಕಚ್ಚಿದ್ದು ಸರಿ ಇದ್ದ ಕಾಲಿಗೇ ಗೊತ್ತಾಗಲ್ಲ, ಇನ್ನು ನನ್ನ ಬಲಗಾಲಿಗೆ ಕೇಳೋದೇ ಬೇಡ, ಜಿಗಣೆಗೆ ಅದು ಹೋಟೆಲ್ಲು.

ಇಷ್ಟಾದ ಮೇಲೂ ಮಲಗಿ ಅರ್ಧ ಗಂಟೆಗೆ ಕಾಲಲ್ಲಿ ಇನ್ನೊಂದು ಶುರುವಾಗ್ತಿತ್ತು. ಅದು ಜೋಮಲ್ಲ, ನೋವೂ ಅಲ್ಲ, ಕಾಲು ಆಡಿಸ್ಲೇಬೇಕು ಅನ್ನೋ ಒಂದು ತಳಮಳ, ಆಡಿಸಿದ್ರೆ ಆರಾಮ, ನಿಲ್ಲಿಸಿದ್ರೆ ಮತ್ತೆ. ಎದ್ದು ಜಗಲೀಲಿ ನಾಲ್ಕು ಸುತ್ತು ಹಾಕಿದ್ರೆ ಮಾಯ, ಹಾಸಿಗೆಗೆ ಬೆನ್ನು ಹಚ್ಚಿದ್ರೆ ಹಾಜರ್. ಇದಕ್ಕೆ ರೆಸ್ಟ್‌ಲೆಸ್ ಲೆಗ್ಸ್ ಅಂತಾರೆ, 1945ರಲ್ಲಿ ಸ್ವೀಡನ್ನಿನ ಎಕ್‌ಬಾಮ್ ಅನ್ನೋ ನರವೈದ್ಯ ವಿವರವಾಗಿ ಬರೆದ. ಎಂಎಸ್ ಇದ್ದವರಿಗೆ ಇದು ಉಳಿದವರಿಗಿಂತ ಹೆಚ್ಚು. ಮೇಡಂ ಮಾತ್ರೆ ಬರೆಯೋ ಮೊದಲು ಫೆರಿಟಿನ್ ನೋಡಿದ್ರು, ಅಂದ್ರೆ ಮೈಯಲ್ಲಿ ದಾಸ್ತಾನಿರೋ ಕಬ್ಬಿಣದ ಲೆಕ್ಕ. ನನ್ನ ಹಿಮೋಗ್ಲೋಬಿನ್ ಚೆನ್ನಾಗೇ ಇತ್ತು, ದಾಸ್ತಾನು ಮಾತ್ರ ತಳ ಕಂಡಿತ್ತು. ಈ ಕಾಲಿನ ತೊಂದರೆ ಇದ್ದವರಿಗೆ ಫೆರಿಟಿನ್ 75ಕ್ಕಿಂತ ಕಡಿಮೆ ಇದ್ರೆ ಹಿಮೋಗ್ಲೋಬಿನ್ ಸರಿ ಇದ್ರೂ ಕಬ್ಬಿಣ ಕೊಡ್ತಾರೆ. ಆ ಮಾತ್ರೆ ಕಾಫಿ ಜೊತೆ ನುಂಗಬಾರ್ದು, ಕಾಫಿ ಟೀ ಎರಡೂ ಕಬ್ಬಿಣ ಮೈಗೆ ಹತ್ತದ ಹಾಗೆ ಮಾಡ್ತಾವೆ.

ಕಾಫಿಗೆ ಬಂದೆ ನೋಡಿ. ಕೊಡಗಲ್ಲಿ ಹುಟ್ಟಿ ಬೆಳೆದು, ಅಂಗಳದಲ್ಲಿ ಕಾಫಿ ಒಣಗಿಸಿ, ಬಂದವರಿಗೆಲ್ಲ ಬೆಲ್ಲದ ಕಾಫಿ ಕೊಟ್ಟು, ಮಧ್ಯಾಹ್ನ ಎರಡರ ಮೇಲೆ ನಾನು ಕಾಫಿ ಕುಡಿಯಲ್ಲ ಅಂದ್ರೆ ನೆಂಟರು ಮುಖ ನೋಡ್ತಾರೆ. ಕುಡಿದ ಕೆಫೀನಲ್ಲಿ ಅರ್ಧ ಇಳಿಯೋಕೇ ಐದಾರು ಗಂಟೆ ಬೇಕು, ಅದೂ ನಮ್ಮದು ರೋಬಸ್ಟಾ, ಅರೇಬಿಕಾಗಿಂತ ಹೆಚ್ಚುಕಮ್ಮಿ ಎರಡರಷ್ಟು ಕೆಫೀನು. ಸಂಜೆ ಆರಕ್ಕೆ ಒಂದು ದೊಡ್ಡ ಲೋಟ ಇಳಿಸಿದ್ರೆ ಹನ್ನೊಂದಕ್ಕೂ ಅರ್ಧ ಲೋಟ ರಕ್ತದಲ್ಲೇ ಇರುತ್ತೆ. ಇದನ್ನ ಕಾಫಿ ಬೆಳೆಯೋ ಮನೇಲಿ ಕೂತು ಬರೀತಿದೀನಿ, ಕ್ಷಮಿಸಿ.

ಆಮೇಲೆ ಉಚ್ಚೆ. ಬರೆಯೋಕೆ ಮುಜುಗರ ಅಂತ ಯಾರೂ ಬರೆಯಲ್ಲ, ಆದ್ರೆ ಎಂಎಸ್ ಇರೋರ ನಿದ್ದೆ ಕೆಡಿಸೋದ್ರಲ್ಲಿ ಇದರ ಪಾಲು ದೊಡ್ಡದು. ಮೂತ್ರಕೋಶಕ್ಕೆ ಹೋಗೋ ನರವೂ ಅದೇ ಬೆನ್ನುಹುರಿಯಿಂದ ತಾನೇ ಇಳಿಯೋದು. ಸ್ವಲ್ಪ ತುಂಬಿದ್ರೂ ಓಡು ಅನ್ನುತ್ತೆ, ಓಡಿ ಹೋದ್ರೆ ನಾಲ್ಕು ಹನಿ. ನೀರು ಕುಡಿಯೋದನ್ನೇ ಕಡಿಮೆ ಮಾಡೋಣ ಅಂತ ಅನ್ಸುತ್ತೆ, ಮಾಡ್ಬಾರ್ದು, ಇನ್ಫೆಕ್ಷನ್ ಆಗುತ್ತೆ, ಇನ್ಫೆಕ್ಷನ್ ಆದ್ರೆ ಜ್ವರ, ಜ್ವರ ಬಂದ್ರೆ ಹಳೇ ಲಕ್ಷಣ ಎಲ್ಲಾ ಒಟ್ಟಿಗೆ ಏಳ್ತಾವೆ. ಹಗಲು ಚೆನ್ನಾಗಿ ಕುಡಿದು ಮಲಗೋಕೆ ಎರಡು ಗಂಟೆ ಮುಂಚೆ ನಿಲ್ಲಿಸೋದು. ಆಗಸ್ಟ್ 3ರ ಹೊತ್ತಿಗೆ ಬರೋ ಕಕ್ಕಡ 18ರ ದಿನ, ಅಂದ್ರೆ ಕೊಡವರ ಕಕ್ಕಡ ತಿಂಗಳ 18ನೇ ದಿನ, ಮದ್ದುಸೊಪ್ಪಿನ ಪಾಯಸ ತಿಂತೀವಲ್ಲ, ಆ ರಾತ್ರಿ ಉಚ್ಚೆ ಕೆಂಪಗೆ ಹೋಗುತ್ತೆ ಅಂತ ನಮ್ಮ ಕಡೆಯವರಿಗೆಲ್ಲ ಗೊತ್ತು. ಆ ವಾರ ಬೆಂಗಳೂರಿಂದ ಬಂದಿದ್ದ ಒಬ್ಬ ಗೆಸ್ಟ್ ಹುಡುಗ ಪಾಯಸ ಎರಡು ಸಲ ಹಾಕಿಸ್ಕೊಂಡು ಮಧ್ಯರಾತ್ರಿ ನಮ್ಮ ಬಾಗಿಲು ಬಡಿದು, ಹತ್ತಿರ ಎಲ್ಲಿ ಆಸ್ಪತ್ರೆ ಇದೆ ಆಂಟಿ ಅಂತ ಕೇಳಿದ್ದ. ಅವತ್ತು ನಾನು ಎಚ್ಚರ ಇದ್ದಿದ್ದು ಉಪಯೋಗಕ್ಕೆ ಬಂತು.

ಎಚ್ಚರ ಇರೋದ್ರಿಂದ ಇನ್ನೊಂದು ಉಪಯೋಗ ಆಗಿದೆ. ಹಲಸು ಹಣ್ಣಾಗೋ ಕಾಲದಲ್ಲಿ ಆನೆ ಇಳಿದ್ರೆ ಕೊಂಬೆ ಮುರಿಯೋ ಸದ್ದು ಮೊದಲು ಕೇಳೋದು ನಂಗೇ. ಊರ ವಾಟ್ಸಾಪ್ ಗ್ರೂಪಲ್ಲಿ 'ಕೆರೆ ಮೇಲಿನ ತೋಟದಲ್ಲಿ ಇದೆ, ಬೆಳಿಗ್ಗೆ ಹಾಲಿಗೆ ಹೋಗೋರು ನೋಡ್ಕೊಂಡು ಹೋಗಿ' ಅಂತ ಹಾಕ್ತೀನಿ. ಅಕ್ಕಂಗೆ ಆನೆ ಜೊತೆ ಡ್ಯೂಟಿ ಅಂತ ಪಕ್ಕದ ತೋಟದ ಹುಡುಗ್ರು ತಮಾಷೆ ಮಾಡ್ತಾರೆ.

ಸ್ಟೀರಾಯ್ಡ್ ರಾತ್ರಿಗಳದ್ದು ಬೇರೇನೇ ಜಾತಿ. ರಿಲ್ಯಾಪ್ಸ್ ಆದಾಗ, ಅಂದ್ರೆ ರೋಗ ಮತ್ತೆ ಅಟ್ಯಾಕ್ ಮಾಡಿದಾಗ, ಮೀಥೈಲ್ ಪ್ರೆಡ್ನಿಸೋಲೋನ್ ಅಂತ ದಿನಕ್ಕೆ 1 ಗ್ರಾಂ, ಮೂರರಿಂದ ಐದು ದಿನ ರಕ್ತನಾಳಕ್ಕೆ ಡ್ರಿಪ್ ಹಾಕ್ತಾರೆ. ಬೆಳಿಗ್ಗೆಯೇ ಕೊಟ್ಟು ಮುಗಿಸಿದ್ರೂ ರಾತ್ರಿ ಕಣ್ಣು ಮುಚ್ಚಲ್ಲ, ತಲೆ ನಾಗಾಲೋಟ. ಆಗ ನಾನು ನಿದ್ದೆ ಬರಲಿ ಅಂತ ಕಾಯೋದೇ ಇಲ್ಲ, ಬೆಳಗಿನ ಜಾವ ಮೂರಕ್ಕೆ ಕೂತು ಜಿಎಸ್‌ಟಿ ಲೆಕ್ಕ ಬರೀತೀನಿ. ಕೋರ್ಸ್ ಮುಗಿದ ಮೇಲೆ ತಾನೇ ಸರಿ ಹೋಗುತ್ತೆ.

ಆದ್ರೆ ಇಷ್ಟೆಲ್ಲಾ ಹೇಳಿದ್ನಲ್ಲ, ಜೋಮು, ಉರಿ, ತಳಮಳ, ಇವು ಯಾವ್ದೂ ನನ್ನ ಪೂರ್ತಿ ರಾತ್ರಿ ತಿಂದಿದ್ದಲ್ಲ. ಇವು ಎಬ್ಬಿಸ್ತಿದ್ವು ಅಷ್ಟೇ. ಎದ್ದ ಮೇಲೆ ಮತ್ತೆ ಮಲಗೋಕೆ ಬಿಡದೇ ಇದ್ದಿದ್ದು ಒಂದೇ ಪ್ರಶ್ನೆ, ಇದು ಹಳೇದಾ ಹೊಸದಾ. ನೆನ್ನೆ ಮೊಣಕಾಲವರೆಗೆ ಇದ್ದ ದಡ್ಡು ಇವತ್ತು ತೊಡೆಗೆ ಏರಿದೆಯಾ, ಇನ್ನೊಂದು ಅಟ್ಯಾಕಾ, ಬೆಳಿಗ್ಗೆ ಎದ್ರೆ ನಿಲ್ಲೋಕಾಗುತ್ತಾ. ಕೊಡಗಲ್ಲಿ ರಾತ್ರಿ ಎರಡಕ್ಕೆ ಈ ಪ್ರಶ್ನೆ ಬಂದ್ರೆ ಅದರ ತೂಕ ಬೇರೆ. ರೈಲಂತೂ ನಮ್ಮ ಜಿಲ್ಲೆಗೇ ಇಲ್ಲ, ನರದ ಡಾಕ್ಟ್ರು ಬೇಕಂದ್ರೆ ಮೈಸೂರು, ಮಡಿಕೇರಿಯಿಂದ ಸುಮಾರು 120 ಕಿಲೋಮೀಟರು, ಮಳೇಲಿ ಎಲ್ಲಿ ಮರ ಬಿದ್ದಿರುತ್ತೋ ಗೊತ್ತಿಲ್ಲ. ನಮ್ಮನೆಯವರನ್ನ ಎಬ್ಬಿಸ್ಲಾ ಬೇಡ್ವಾ ಅಂತಲೇ ಗಂಟೆ ಓಡ್ತಿತ್ತು. ಎಬ್ಬಿಸಿದ್ರೆ ಅವರು ಜೀಪಿನ ಕೀ ಹುಡುಕ್ತಾರೆ, ಎಬ್ಬಿಸದಿದ್ರೆ ನಾನು ಸೀಲಿಂಗ್ ನೋಡ್ತೀನಿ.

ಅದನ್ನ ಬಿಡಿಸಿದ್ದೂ ಒಂದು ನಿಯಮವೇ, ನರವೈದ್ಯರೆಲ್ಲ ಬಳಸೋದು. ಹೊಸ ಲಕ್ಷಣ, ಅಥವಾ ಹಳೇದು ಗಣನೀಯವಾಗಿ ಹೆಚ್ಚಾಗಿದ್ದು, ಕನಿಷ್ಠ 24 ಗಂಟೆ ಬಿಡದೇ ಇರಬೇಕು, ಜ್ವರ ಇನ್ಫೆಕ್ಷನ್ ಇರಬಾರದು, ಆಗ ಮಾತ್ರ ಅದನ್ನ ರಿಲ್ಯಾಪ್ಸ್ ಅಂತ ಲೆಕ್ಕ ಹಿಡಿಯೋದು. ರಾತ್ರಿ ಎರಡಕ್ಕೆ ಬಂದು ಮೂರಕ್ಕೆ ಹೋಗೋ ಜೋಮು ರಿಲ್ಯಾಪ್ಸ್ ಅಲ್ಲ. "ಮುಖ ಸೊಟ್ಟ ಆಯ್ತು, ಮಾತು ತೊದಲ್ತು, ಇದ್ದಕ್ಕಿದ್ದ ಹಾಗೆ ಒಂದು ಕಡೆ ಬಲ ಹೋಯ್ತು ಅಂದ್ರೆ ಗಡಿಯಾರ ನೋಡ್ಬೇಡಿ, ಹೊರಟುಬಿಡಿ, ಅದು ಸ್ಟ್ರೋಕ್ ಇರಬಹುದು. ಬರೀ ಜೋಮು ಜಾಸ್ತಿ ಅಂದ್ರೆ ಟೈಮ್ ಬರೆದಿಟ್ಟು ಮಲಗಿ, ಬೆಳಿಗ್ಗೆ ಫೋನ್ ಮಾಡಿ" ಅಂದ್ರು ಮೇಡಂ. ಟೈಮ್ ಬರೆದಿಡು ಅನ್ನೋದು ಎಷ್ಟು ದೊಡ್ಡ ಮದ್ದು ಅಂತ ನಿದ್ದೆ ಇಲ್ಲದವರಿಗೇ ಗೊತ್ತು. ಗೆಸ್ಟ್ ರಿಜಿಸ್ಟರಿನ ಹಿಂದಿನ ಪುಟಗಳಲ್ಲಿ ಬರೆಯೋಕೆ ಶುರು ಮಾಡಿದೆ. ಟೈಮು, ಯಾವ ಜಾಗ, ಕೊಡವಿದ್ರೆ ಹೋಗುತ್ತಾ, ನಡೆದ್ರೆ ಹೋಗುತ್ತಾ, ಏನು ಮಾಡಿದ್ರೂ ಇರುತ್ತಾ. ಬರೆದ ಮೇಲೆ ಹೆದರಿಕೆ ಪುಸ್ತಕದ ಪಾಲಿಗೆ, ನಾನು ದಿಂಬಿಗೆ.

ಇವೆಲ್ಲ ಬಿಡಿಸಿ ಬಿಡಿಸಿ ತೆಗೆದ ಮೇಲೆ ಉಳಿದಿದ್ದು ನಿಜವಾದ ಎಂಎಸ್‌ನ ಪಾಲು, ಪಾದದ ಉರಿ, ಮತ್ತೆ ಬೆಳಗಿನ ಜಾವ ಮೀನಖಂಡ ಸೆಟೆದು ಕಾಲು ಕೋಲಾಗೋದು. ಸೆಟೆತಕ್ಕೆ ಬ್ಯಾಕ್ಲೋಫೆನ್ ಕೊಟ್ಟಿದ್ದಾರೆ, ಅದರ ಒಂದು ಹೊತ್ತನ್ನ ಮಲಗೋ ಸಮಯಕ್ಕೆ ತಳ್ಳಿದ್ದಾರೆ. ಅದನ್ನ ನಾವಾಗೇ ದಿಢೀರ್ ಅಂತ ನಿಲ್ಲಿಸೋ ಹಾಗಿಲ್ಲ, ಫಿಟ್ಸ್ ಬರೋವರೆಗೂ ಹೋಗಬಹುದು, ಹಾಗಾಗಿ ಮಳೆಗಾಲಕ್ಕೆ ಮುಂಚೆ ಅಕ್ಕಿ ಬೇಳೆ ಜೊತೆ ಮಾತ್ರೇನೂ ದಾಸ್ತಾನು ಮಾಡ್ತೀನಿ. ಉರಿಗೆ ಪ್ರೆಗಾಬಲಿನ್. ಅದು ನಿದ್ದೇನೂ ತರುತ್ತೆ, ಆದ್ರೆ ಮಧ್ಯರಾತ್ರಿ ಎದ್ರೆ ತೂರಾಡಿಸುತ್ತೆ, ನಮ್ಮದು ಹಳೇ ಮನೆ, ಹೊಸ್ತಿಲು ಎತ್ತರ, ರೆಡ್‌ಆಕ್ಸೈಡ್ ನೆಲ, ಬೇರೆ ಹೇಳಬೇಕಾಗಿಲ್ಲ. ಮಂಚದಿಂದ ಬಚ್ಚಲವರೆಗೆ ಗೋಡೆಗೆ ಹಿಡ್ಕೊಳ್ಳೋ ಕಂಬಿ ಹಾಕಿಸಿದ್ವಿ, ಕರೆಂಟ್ ಹೋದ್ರೂ ಉರಿಯೋ ಒಂದು ಸಣ್ಣ ಲೈಟು. ಬಡಗಿ ಆ ಕಂಬಿ ಹಾಕುವಾಗ, ಇದು ಅಜ್ಜಿಗಾ ಅಂತ ಕೇಳಿದ. ಅತ್ತೆ ಎಪ್ಪತ್ತಾರರಲ್ಲಿ ಮೆಟ್ಟಿಲು ಎರಡೆರಡು ಹಾರ್ತಾರೆ.

ನಿದ್ದೆ ಬಾರದಿದ್ರೆ ಹಾಸಿಗೇಲೇ ಹೊರಳಾಡಬೇಡ, ಎದ್ದು ಬೇರೆ ಕಡೆ ಕೂತು ತೂಕಡಿಕೆ ಬಂದ ಮೇಲೆ ವಾಪಸ್ ಬಾ ಅನ್ನೋದು ನಿದ್ದೆ ಚಿಕಿತ್ಸೇಲಿ ಹೇಳಿಕೊಡೋ ಪಾಠ. ಬೇಸಿಗೇಲಿ ಇದು ಚೆನ್ನಾಗಿ ನಡೆಯುತ್ತೆ. ಜುಲೈ ರಾತ್ರಿ, ಹೆಂಚಿನ ಮೇಲೆ ಮಳೆ ಹುಯ್ತಾ ಇರೋವಾಗ, ಕಂಬಳಿ ಬಿಟ್ಟು ಜಗಲೀಲಿ ಕೂರು ಅಂತ ಹೇಳೋರು ಒಂದು ಸಲ ಕೊಡಗಿಗೆ ಬರಬೇಕು.

ಅಂಗವಿಕಲರ ಹಕ್ಕಿನ 2016ರ ಕಾಯಿದೇಲಿ ಇರೋ 21 ಸ್ಥಿತಿಗಳಲ್ಲಿ ಎಂಎಸ್ ಕೂಡ ಒಂದು, ಸರ್ಟಿಫಿಕೇಟ್ ಮಾಡಿಸ್ಕೊಳ್ಳಿ ಅಂತ ಇದೇ ರೋಗ ಇರೋ ಒಬ್ಬರು ಹೇಳಿದ್ರು, ಅರ್ಜಿ ಹಾಕಿದೀನಿ. ಅಲ್ಲಿ ನಡಿಗೆ ನೋಡ್ತಾರೆ, ಕೈ ಬಲ ನೋಡ್ತಾರೆ. ನಿದ್ದೆಗೆ ಪರ್ಸೆಂಟೇಜ್ ಇಲ್ಲ.

ಈ ಸಲ ಮೇಡಂ ರಿಜಿಸ್ಟರ್ ಪುಟ ತಿರುವುತ್ತಾ ಒಂದು ಕಡೆ ನಿಂತ್ರು. ಕಾಲಿನ ಎಂಟ್ರಿ ಕಡಿಮೆ ಆಗಿದ್ವು, ಆದ್ರೆ ನಾನು ಎದ್ದಿದ್ದಕ್ಕೆ ಕಾರಣ ಅಂತ ಮೂರ್ನಾಲ್ಕು ಕಡೆ 'ಗೊರಕೆ, ನಿಂತು, ಆಮೇಲೆ ಜೋರು' ಅಂತ ಬರೆದಿದ್ದೆ. ತಲೆ ಎತ್ತಿ ಪಕ್ಕದಲ್ಲಿ ಕೂತಿದ್ದ ನಮ್ಮನೆಯವರನ್ನ ನೋಡಿ, "ಹಗಲು ಕೂತಲ್ಲೇ ತೂಕಡಿಸ್ತೀರಾ?" ಅಂತ ಕೇಳಿದ್ರು. ಇವರು, ನಂಗೇನಾಗಿದೆ ಮೇಡಂ, ತಲೆ ಇಟ್ಟ ತಕ್ಷಣ ನಿದ್ದೆ ಅಂದ್ರು. ಅದೇ ಸರಿ ಇಲ್ಲ, ನಿದ್ದೇಲಿ ಉಸಿರು ನಿಲ್ತಿರಬಹುದು, ಸ್ಲೀಪ್ ಸ್ಟಡಿ ಮಾಡಿಸಿ ಅಂತ ಚೀಟಿ ಕೊಟ್ರು. ರೋಬಸ್ಟಾ ಕುಯ್ಲು ಮುಗೀಲಿ ಅಂತ ಇವರು ಆ ಚೀಟೀನ ಜೀಪಿನ ಡ್ಯಾಶ್‌ಬೋರ್ಡಲ್ಲೇ ಇಟ್ಟುಕೊಂಡು ಓಡಾಡ್ತಿದಾರೆ. ಮಾರ್ಚಿಗೆ ನನ್ನ ಅಪಾಯಿಂಟ್‌ಮೆಂಟ್ ತಗೊಳ್ಳುವಾಗ ಅವರ ಹೆಸರೂ ಸೇರಿಸಿ ಬರೆಸಿದೀನಿ, ಅವರಿಗಿನ್ನೂ ಹೇಳಿಲ್ಲ.